ಒಂದೇ ಡಬ್ಬಿ, ನಾಲ್ಕು ಬೆಲೆ

ನಿಮ್ಮ ಊರಿನ ಆಸ್ಪತ್ರೆಯ ಗೋಡೆಯ ಮೇಲೂ ಇಂಥ ಚೀಟಿಗಳನ್ನು ನೀವು ನೋಡಿರಬಹುದು. ಸಾಮಾನು ಬಂದಿಲ್ಲ. ಹೊರಗಡೆಯಿಂದ ತನ್ನಿ. ಮುಂದಿನ ವಾರ ವಿಚಾರಿಸಿ. ನಮ್ಮ ಆಸ್ಪತ್ರೆಯ ಡಯಾಲಿಸಿಸ್ ಕೋಣೆಯ ಬಾಗಿಲಿಗೆ ಒಂದು ಸೋಮವಾರ ಬೆಳಿಗ್ಗೆ ಅಂಟಿಸಿದ್ದ ಚೀಟಿ ಹೀಗಿತ್ತು: "ಸಾಮಗ್ರಿಗಳ ಬೆಲೆ ಏರಿರುವ ಕಾರಣ ಇಂದಿನಿಂದ ಪ್ರತಿ ರೋಗಿಗೂ ವಾರಕ್ಕೆ ಮೂರರ ಬದಲು ಎರಡು ಸಲ ಮಾತ್ರ ಡಯಾಲಿಸಿಸ್ ಮಾಡಲಾಗುವುದು. ದಯವಿಟ್ಟು ಸಹಕರಿಸಿ."

ನಾನು ಟೈಲರ್. ಸಹಕರಿಸುವುದು ನನಗೆ ಹೊಸದೇನಲ್ಲ. ಗಿರಾಕಿ ದಪ್ಪಗಾದರೆ ಹೊಲಿಗೆ ಬಿಚ್ಚಿ ಸಹಕರಿಸುತ್ತೇನೆ, ಸಣ್ಣಗಾದರೆ ಹಿಡಿದು ಹೊಲಿದು ಸಹಕರಿಸುತ್ತೇನೆ. ಆದರೆ ನನ್ನ ಗಂಡನ ಎರಡೂ ಕಿಡ್ನಿ ಕೈಕೊಟ್ಟು ನಾಲ್ಕು ವರ್ಷವಾಗಿತ್ತು. ಅವಕ್ಕೆ ಚೀಟಿ ಓದಲು ಬರುತ್ತಿರಲಿಲ್ಲ.

ಗೊತ್ತಿಲ್ಲದವರಿಗಾಗಿ ಎರಡು ಮಾತು ಹೇಳುತ್ತೇನೆ. ಕಿಡ್ನಿ ಕೆಲಸ ನಿಲ್ಲಿಸಿದರೆ ಮೈಯೊಳಗಿನ ಕೊಳೆಯೂ ಹೋಗುವುದಿಲ್ಲ, ನೀರೂ ಹೋಗುವುದಿಲ್ಲ. ಆಗ ಯಂತ್ರವೊಂದು ರಕ್ತವನ್ನು ಹೊರಗೆ ತೆಗೆದು, ಫಿಲ್ಟರಿನಲ್ಲಿ ಹಾಯಿಸಿ, ತೊಳೆದು ವಾಪಸು ಕೊಡುತ್ತದೆ. ಒಂದು ಸಲಕ್ಕೆ ನಾಲ್ಕು ಗಂಟೆ. ಅದಕ್ಕೆ ಒಂದು ಫಿಲ್ಟರು, ಒಂದು ಜೊತೆ ಕೊಳವೆ, ಎರಡು ಸೂಜಿ ಬೇಕು. ಇವೆಲ್ಲ ಒಂದೇ ಡಬ್ಬಿಯಲ್ಲಿ ಬರುತ್ತವೆ. ನಮ್ಮವರಿಗೆ ಡಾಕ್ಟರು ಬರೆದುಕೊಟ್ಟಿದ್ದು ಸೋಮ, ಬುಧ, ಶುಕ್ರ. ಚೀಟಿ ಬಂದ ಮೇಲೆ ಸೋಮ ಮತ್ತು ಗುರು. ಗುರುವಾರ ಮನೆಗೆ ಬಂದರೆ ಮತ್ತೆ ಸೋಮವಾರದವರೆಗೆ ಕುಡಿದ ನೀರೆಲ್ಲ ಒಳಗೇ ಉಳಿಯಬೇಕು.

ನಮ್ಮ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವುದು ಅವರ ಕೆಲಸ, ಹೊಲಿಯುವುದು ನನ್ನದು. ಆಸ್ಪತ್ರೆಯಲ್ಲೂ ಅವರಿಗೆ ಕತ್ತರಿಯಣ್ಣ ಎಂದೇ ಹೆಸರು. ಮೊದಲ ವಾರವೇ ಶನಿವಾರ ಅವರ ಹೆಬ್ಬೆರಳು ಕತ್ತರಿಯ ಹಿಡಿಯೊಳಗೆ ಹೋಗಲಿಲ್ಲ. ಎರಡು ಸಲ ತುರುಕಿ ನೋಡಿ, ಕತ್ತರಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, "ಇವತ್ತು ಯಾಕೋ ಮನಸ್ಸಿಲ್ಲ ಕಣೇ," ಎಂದರು.

ಮನಸ್ಸಿಲ್ಲವಂತೆ. ಬೆರಳೇ ಕತ್ತರಿಯೊಳಗೆ ಹೋಗದವರಿಗೆ ಮನಸ್ಸೆಲ್ಲಿಂದ ಬರಬೇಕು. ನನಗೆ ಡಾಕ್ಟರ ಭಾಷೆ ಬರುವುದಿಲ್ಲ, ಟೇಪಿನ ಭಾಷೆ ಬರುತ್ತದೆ. ಅವರ ಕಾಲನ್ನು ಸ್ಟೂಲಿನ ಮೇಲಿಟ್ಟು ಕಣಕಾಲಿನ ಸುತ್ತಳತೆ ತೆಗೆದೆ. ಅಳತೆ ಪುಸ್ತಕದಲ್ಲಿ ಗಿರಾಕಿಗಳ ನಡುವೆ ಅವರಿಗೂ ಒಂದು ಪುಟ ಮಾಡಿದೆ. ಮುಂದಿನ ವಾರ ಗುರುವಾರ ಡಯಾಲಿಸಿಸ್ ಮುಗಿದ ಮೇಲೆ ಒಂಬತ್ತು ಇಂಚು. ಶನಿವಾರ ಹತ್ತೂ ಕಾಲು. ಭಾನುವಾರ ಹನ್ನೊಂದು. ದಿನಕ್ಕೆ ಮೂರು ಲೋಟ ಕುಡಿಯುತ್ತಿದ್ದ ನೀರನ್ನು ಅವರು ಎರಡಕ್ಕೆ ಇಳಿಸಿದರು. ಬಾಯಾರಿದರೆ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಕೆನ್ನೆಯೊಳಗೆ ಆಡಿಸಿ, ಬಚ್ಚಲಿಗೆ ಉಗಿದು ಬರುತ್ತಿದ್ದರು. ಮನೆಯಲ್ಲಿ ನಲ್ಲಿ ಬಿಡಲೂ ನನಗೆ ಸಂಕಟ.

ಅವರ ಪಕ್ಕದ ಹಾಸಿಗೆ ಟೀಚರಮ್ಮನದು. ನಿವೃತ್ತಿಯಾದ ಮೇಲೂ ಊರಿಗೆಲ್ಲ ಅವರು ಟೀಚರಮ್ಮನೇ. ಡಯಾಲಿಸಿಸ್ ಆಗುವವರ ತೋಳಿನಲ್ಲಿ ಸೂಜಿ ಚುಚ್ಚುವ ಜಾಗ ಗಂಟುಗಂಟಾಗಿ ಎದ್ದಿರುತ್ತದೆ. ಅಂಗಿಯ ತೋಳು ಮೇಲಕ್ಕೆ ಮಡಚಿದರೆ ಬಿಗಿದು ನೋವು, ಮಡಚದೆ ಬಿಟ್ಟರೆ ಸೂಜಿ ಹಾಕಲಾಗದು. ಅದಕ್ಕೆಂದೇ ನಾನು ಒಂದು ಬಗೆಯ ತೋಳು ಹೊಲಿಯುತ್ತೇನೆ. ಪಕ್ಕದಲ್ಲಿ ಸಾಲಾಗಿ ಗುಂಡಿ ಇರುತ್ತವೆ, ಬಿಚ್ಚಿದರೆ ಕಿಟಕಿಯ ಹಾಗೆ ತೆರೆದುಕೊಳ್ಳುತ್ತದೆ. ಟೀಚರಮ್ಮ ಅಂಥದ್ದೊಂದು ಅಂಗಿ ಬೇಕೆಂದು ಹಸಿರು ಬಟ್ಟೆ ತಂದುಕೊಟ್ಟಿದ್ದರು. ಅಳತೆಗೆ ಟೇಪು ತೆಗೆದರೆ ಕೈ ಹಿಡಿದು ತಡೆದರು.

"ಈಗ ಬೇಡಮ್ಮ. ಊತ ಇದೆ. ಇಳಿದ ಮೇಲೆ ತಗೋ. ಇಲ್ಲಾಂದ್ರೆ ಆಮೇಲೆ ದೊಗಳೆ ಆಗತ್ತೆ."

"ಯಾವಾಗ ಇಳಿಯತ್ತೆ ಟೀಚರಮ್ಮ?"

"ಸಹಕರಿಸ್ತಾ ಇದ್ದೀನಲ್ಲ," ಎಂದು ಬಾಗಿಲಿನ ಕಡೆ ಕಣ್ಣು ಹಾಯಿಸಿ ನಕ್ಕರು. ನಾನು ಪುಸ್ತಕದಲ್ಲಿ ಅವರ ಹೆಸರಿಗೊಂದು ಪುಟ ತೆಗೆದು, ಅಳತೆಯ ಜಾಗ ಖಾಲಿ ಬಿಟ್ಟೆ.

ನಮ್ಮ ಆಸ್ಪತ್ರೆ ಯಾರೋ ದೂರದ ಸಾಹುಕಾರನದಲ್ಲ. ಊರವರೇ ಚಂದಾ ಎತ್ತಿ ಕಟ್ಟಿದ್ದು. ಇಪ್ಪತ್ತು ಹಾಸಿಗೆ, ನಾಲ್ಕು ಡಯಾಲಿಸಿಸ್ ಯಂತ್ರ. ಬಸ್ ನಿಲ್ದಾಣದ ಎದುರಿನ ಬಣ್ಣದ ಅಂಗಡಿಯವರು ಅದರ ಅಧ್ಯಕ್ಷರು. ಒಂದು ಪೈಸೆ ತಿಂದವರಲ್ಲ. ಆಸ್ಪತ್ರೆಯ ಗೋಡೆಗೆ ಪ್ರತಿ ಎರಡು ವರ್ಷಕ್ಕೆ ಬಣ್ಣ ಅವರದೇ, ಕೂಲಿಯೂ ಅವರದೇ. ಒಳ್ಳೆಯವರ ಮೇಲೆ ಸಿಟ್ಟು ಮಾಡುವುದು ಬಲು ಕಷ್ಟ. ಆದರೂ ನಾನು ಮಾಡಿದೆ, ಯಾಕೆಂದು ಮುಂದೆ ಹೇಳುತ್ತೇನೆ.

ಐದನೇ ವಾರ ಶನಿವಾರ ನಮ್ಮವರಿಗೆ ಮಲಗಲಾಗಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತಿತ್ತು, ಕೂತರೆ ಸ್ವಲ್ಪ ಸಲೀಸು. ನಮ್ಮಲ್ಲಿ ಅವತ್ತು ಡಯಾಲಿಸಿಸ್ ಇಲ್ಲ. ಒಂದೂವರೆ ಗಂಟೆ ಬಸ್ಸಿನಲ್ಲಿ ಕೂತು ಪಕ್ಕದ ದೊಡ್ಡ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವರು ಮುಂದಿನ ಸೀಟಿನ ಕಂಬಿ ಹಿಡಿದು ಬಗ್ಗಿ ಕೂತಿದ್ದರು. ಅಲ್ಲಿಯ ನರ್ಸು ಅವರ ಕಾಲು ನೋಡಿದ್ದೇ ತಡ, ಒಂದು ಮಾತೂ ಆಡದೆ ಯಂತ್ರಕ್ಕೆ ಹಾಕಿದಳು. ಆಮೇಲೆ, "ಇದೊಂದು ಸಲ ಮಾಡಿದೀನಿ ಅಕ್ಕ. ನಮ್ಮಲ್ಲೂ ಕಾಯೋರ ಪಟ್ಟಿ ಉದ್ದ ಇದೆ," ಎಂದಳು.

ಬರುವಾಗ ನಾನು ಖಾಲಿ ಡಬ್ಬಿ ಕೇಳಿದೆ. ಇದು ನನ್ನ ಹಳೆಯ ಚಾಳಿ. ಫಿಲ್ಟರಿನ ಡಬ್ಬಿ ಗಟ್ಟಿ ರಟ್ಟಿನದು, ಉದ್ದ, ಮುಚ್ಚಳ ಸರಿಯಾಗಿ ಕೂರುತ್ತದೆ. ಗುಂಡಿ ಹಾಕಿಡಲು ಅದಕ್ಕಿಂತ ಒಳ್ಳೆಯದು ದುಡ್ಡು ಕೊಟ್ಟರೂ ಸಿಗದು. ನಮ್ಮ ಅಂಗಡಿಯ ಗೋಡೆಯುದ್ದಕ್ಕೂ ನಮ್ಮ ಆಸ್ಪತ್ರೆಯ ಡಬ್ಬಿಗಳೇ ಜೋಡಿಸಿವೆ: ಬಿಳಿ ಗುಂಡಿ, ಕಪ್ಪು ಗುಂಡಿ, ಕೊಕ್ಕೆ, ಜಿಪ್ಪು.

ಮಾರನೇ ದಿನ ಹೊಸ ಡಬ್ಬಿಗೆ ಗುಂಡಿ ಸುರಿಯಲು ಕೂತೆ. ಆಸ್ಪತ್ರೆಯ ಉಗ್ರಾಣದವರು ಡಬ್ಬಿ ಬಂದ ತಾರೀಖನ್ನೂ ದರವನ್ನೂ ಬರೆದು ಒಂದು ಸಣ್ಣ ಚೀಟಿ ಅಂಟಿಸಿರುತ್ತಾರೆ. ಇದರ ಮೇಲೆ ಎಂಟುನೂರ ಅರವತ್ತು ಎಂದಿತ್ತು. ಪಕ್ಕದಲ್ಲಿ "ವಿಶೇಷ ದರ" ಎಂದು ಮುದ್ರೆ. ನಾನು ಕೈ ಚಾಚಿ ಕಪ್ಪು ಗುಂಡಿಯ ಡಬ್ಬಿ ಇಳಿಸಿದೆ. ನಮ್ಮ ಆಸ್ಪತ್ರೆಯದು, ಹೋದ ವಾರವಷ್ಟೇ ತಂದದ್ದು. ಅದೇ ಕಂಪನಿ, ಅದೇ ನೀಲಿ ಗೆರೆ, ಬೆನ್ನ ಮೇಲೆ ಅದೇ ಉದ್ದನೆಯ ಬ್ಯಾಚ್ ಸಂಖ್ಯೆ. ಕೊನೆಯ ಅಂಕಿಯವರೆಗೆ ಅದೇ. ದರ ಒಂಬೈನೂರ ಎಪ್ಪತ್ತು. ಅದರ ಮೇಲೂ "ವಿಶೇಷ ದರ" ಎಂದೇ ಮುದ್ರೆ.

"ಇಲ್ನೋಡಿ," ಎಂದೆ.

ನಮ್ಮವರು ಕನ್ನಡಕ ಹಾಕಿಕೊಂಡು ಎರಡನ್ನೂ ತಿರುಗಿಸಿ ನೋಡಿದರು. "ಅವರದು ಅಗ್ಗದ ಮಾಲು ಇರಬೇಕು."

"ಒಂದೇ ಬ್ಯಾಚು ರೀ. ಒಂದೇ ದಿನ, ಒಂದೇ ಕಾರ್ಖಾನೆಯಿಂದ ಹೊರಟಿದ್ದು. ಒಂದು ಥಾನಿನ ಬಟ್ಟೆ ಇದ್ದ ಹಾಗೆ."

"ಸುಮ್ನೆ ಇಟ್ಬಿಡು. ದೊಡ್ಡೋರ ವ್ಯವಹಾರದಲ್ಲಿ ಮೂಗು ತೂರಿಸಿದ್ರೆ ಇರೋ ಎರಡು ದಿನಾನೂ ಹೋಗತ್ತೆ."

ಅವರ ಭಯ ಸುಳ್ಳಲ್ಲ. ಯಂತ್ರದ ತುದಿಯಲ್ಲಿ ಜೀವ ಕಟ್ಟಿಕೊಂಡವರಿಗೆ ಜಗಳ ಆಡುವ ಧೈರ್ಯ ಎಲ್ಲಿಂದ ಬರಬೇಕು. ಆದರೆ ನನಗೆ ಪಿತ್ತ ನೆತ್ತಿಗೇರಿತ್ತು. ಎರಡೂ ಡಬ್ಬಿ ಚೀಲಕ್ಕೆ ಹಾಕಿಕೊಂಡು, ಸೋಮವಾರ ಅವರನ್ನು ಯಂತ್ರಕ್ಕೆ ಹಚ್ಚಿದ ಕೂಡಲೇ ಬೀಗದಕ್ಕನ ಹತ್ತಿರ ಹೋದೆ.

ಬೀಗದಕ್ಕ ಅಂದರೆ ನಮ್ಮ ಆಸ್ಪತ್ರೆಯ ಉಗ್ರಾಣ ನೋಡಿಕೊಳ್ಳುವವರು. ಸೊಂಟದಲ್ಲಿ ಹದಿನಾಲ್ಕು ಬೀಗದ ಕೈ. ದೂರದ ನಗರದ ದೊಡ್ಡ ಆಸ್ಪತ್ರೆಯೊಂದರಲ್ಲಿ ಬಹಳ ವರ್ಷ ಇದ್ದು, ಹೋದ ವರ್ಷ ಇಲ್ಲಿಗೆ ಬಂದವರು. ಡಬ್ಬಿಗಳನ್ನು ಅವರ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ಅವರು ನೋಡಿದರು, ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು.

"ನಾನು ಏನೂ ಹೇಳೋ ಹಾಗಿಲ್ಲ ತಂಗಿ. ದರ ಹೊರಗೆ ಹೇಳಲ್ಲ ಅಂತ ಅಧ್ಯಕ್ಷರು ಬ್ಯಾಗಿನವರಿಗೆ ಬರೆದುಕೊಟ್ಟಿದಾರೆ."

ಬ್ಯಾಗಿನವರು ಅಂದರೆ ಸಾಮಾನು ಪೂರೈಸುವ ಏಜೆಂಟು. ತಿಂಗಳಿಗೊಮ್ಮೆ ಕಂದು ಬ್ಯಾಗು ಹಿಡಿದು ಬರುತ್ತಾರೆ, ಎಲ್ಲರಿಗೂ ಪೆನ್ನು ಹಂಚುತ್ತಾರೆ.

"ಯಾಕೆ ಬರೆದುಕೊಡಬೇಕು?" ಎಂದೆ.

"ಈ ದರ ನಿಮಗೊಬ್ಬರಿಗೇ ಕೊಡ್ತಾ ಇದೀನಿ, ಬೇರೆಯವರಿಗೆ ಗೊತ್ತಾದ್ರೆ ನನ್ನ ಗತಿ ಮುಗೀತು ಅಂತಾರೆ. ಕೇಳೋಕೆ ಎಷ್ಟು ಚೆನ್ನಾಗಿರತ್ತೆ ನೋಡು. ಪಕ್ಕದ ಊರಲ್ಲೂ ಅದನ್ನೇ ಹೇಳ್ತಾರೆ."

"ಹಾಗಾದ್ರೆ ಎಲ್ಲರೂ ಬಾಯಿಗೆ ಬೀಗ ಹಾಕ್ಕೊಂಡು ಕೂತಿದಾರೆ."

"ಅದೇ ವ್ಯಾಪಾರ. ನಾಲ್ಕು ಯಂತ್ರ ಇಟ್ಕೊಂಡು ನಾವು ಒಬ್ಬರೇ ಹೋಗಿ ಕೇಳಿದ್ರೆ ನಮ್ಮ ಮಾತಿಗೆ ಏನು ತೂಕ? ನಮ್ಮದೂ ಸೇರಿ ಸುತ್ತಮುತ್ತ ನಾಲ್ಕು ಆಸ್ಪತ್ರೆ ಇವೆ. ಎಲ್ಲರಿಗೂ ಬೇಕಾಗೋದು ಅದೇ ಫಿಲ್ಟರು, ಅದೇ ಸೂಜಿ, ಅದೇ ಹತ್ತಿ. ನಾಲ್ಕೂ ಸೇರಿ ಒಂದು ಪಟ್ಟಿ ಮಾಡಿ, ವರ್ಷಕ್ಕೆ ಇಷ್ಟು ಬೇಕು, ಯಾರು ಎಷ್ಟಕ್ಕೆ ಕೊಡ್ತೀರಿ ಅಂತ ಬಹಿರಂಗವಾಗಿ ಕೇಳಿದ್ರೆ ಕಂಪನಿಯವರೇ ಓಡಿ ಬರ್ತಾರೆ. ನಾನು ಮೊದಲಿದ್ದ ಕಡೆ ಹಾಗೇ ಮಾಡ್ತಿದ್ರು. ಅದಕ್ಕೆ ಖರೀದಿ ಒಕ್ಕೂಟ ಅಂತಾರೆ. ಆಸ್ಪತ್ರೆಗಳು ಬೇರೆ ಬೇರೆನೇ ಇರತ್ವೆ, ಡಾಕ್ಟರು ಬೇರೆ ಬೇರೆನೇ. ಕೊಳ್ಳೋದು ಮಾತ್ರ ಒಟ್ಟಿಗೆ."

"ಇದು ಅಧ್ಯಕ್ಷರಿಗೆ ಗೊತ್ತಿಲ್ವಾ?"

"ಎರಡು ಸಲ ಬರೆದುಕೊಟ್ಟೆ. ನೀವು ಬಂದು ಒಂದು ವರ್ಷ ಆಗಿಲ್ಲ, ನಾನು ಹನ್ನೊಂದು ವರ್ಷದಿಂದ ಕೊಳ್ತಾ ಇದೀನಿ ಅಂದ್ರು." ಅವರು ಬೀರುವಿನ ಒಂದು ಬಾಗಿಲು ತೆರೆದು ತೋರಿಸಿದರು. "ಇಲ್ನೋಡು, ಕೈಗವಸು. ಒಬ್ಬ ಡಾಕ್ಟರಿಗೆ ಈ ಕಂಪನಿದೇ ಆಗ್ಬೇಕು, ಇನ್ನೊಬ್ಬರಿಗೆ ಅದು ಮುಟ್ಟಿದ್ರೆ ಆಗಲ್ಲ. ಎಲ್ಲಾ ಸ್ವಲ್ಪ ಸ್ವಲ್ಪ ತರಿಸಬೇಕು. ಸ್ವಲ್ಪ ತರಿಸಿದ್ರೆ ಬೆಲೆ ಜಾಸ್ತಿ."

ಎಣಿಸಿದೆ. ನಮ್ಮ ಆಸ್ಪತ್ರೆಯಲ್ಲಿ ಡಾಕ್ಟರು ಮೂವರು. ಕೈ ಆರು. ಕೈಗವಸು ಏಳು ಬಗೆ. ಇತ್ತ ನನ್ನ ಗಂಡನಿಗೆ ವಾರದಲ್ಲಿ ಮೂರನೇ ಫಿಲ್ಟರಿಗೆ ದುಡ್ಡಿಲ್ಲ. ನೀವೇ ಹೇಳಿ, ಮೈ ಉರಿಯುವುದಿಲ್ಲವೇ?

"ನೀವು ಹೇಳೋ ಹಾಗಿಲ್ಲ, ಸರಿ," ಎಂದೆ. "ನಾನು ಹೇಳಬಹುದಲ್ಲ? ನಾನು ಯಾರಿಗೂ ಬರೆದುಕೊಟ್ಟಿಲ್ಲ."

ಬೀಗದಕ್ಕ ನನ್ನನ್ನೇ ನೋಡಿ, "ಡಬ್ಬಿ ನಿಂದು ತಂಗಿ. ಖಾಲಿ ಡಬ್ಬಿ ರಹಸ್ಯ ಅಂತ ಎಲ್ಲೂ ಬರೆದಿಲ್ಲ," ಎಂದರು.

ಇನ್ನೆರಡು ಊರಿನ ಡಬ್ಬಿ ಬೇಕಿತ್ತು. ಆ ಊರುಗಳಲ್ಲೂ ನನ್ನ ಗುಂಡಿ ತೋಳಿನ ಅಂಗಿ ತೊಡುವವರಿದ್ದಾರೆ. ಈ ಸಲ ಹೊಲಿಗೆ ಕೂಲಿಯಲ್ಲಿ ಸ್ವಲ್ಪ ಬಿಟ್ಟುಕೊಡುತ್ತೇನೆ, ನಿಮ್ಮ ಆಸ್ಪತ್ರೆಯ ಒಂದು ಖಾಲಿ ಡಬ್ಬಿ ತನ್ನಿ ಎಂದು ಹೇಳಿ ಕಳಿಸಿದೆ. ಹತ್ತೇ ದಿನದಲ್ಲಿ ಎರಡೂ ಬಂದವು. ಒಂದರ ಮೇಲೆ ಒಂಬೈನೂರ ಹತ್ತು. ಇನ್ನೊಂದು ಎರಡೇ ಯಂತ್ರ ಇರುವ ಬಡ ಆಸ್ಪತ್ರೆಯದು, ಎಲ್ಲರಿಗಿಂತ ಚಿಕ್ಕದು. ಅದರ ಮೇಲೆ ಸಾವಿರದ ನಲವತ್ತು. ಎಲ್ಲದರ ಮೇಲೂ ವಿಶೇಷ ದರದ ಮುದ್ರೆ. ಯಾರ ಕೈಯಲ್ಲಿ ಕಡಿಮೆ ಇದೆಯೋ ಅವರಿಂದಲೇ ಹೆಚ್ಚು ಕಿತ್ತುಕೊಳ್ಳುವ ವಿಶೇಷ.

ನಾನು ಡಬ್ಬಿ ಕೂಡಿಸುತ್ತಿದ್ದ ಆ ಹತ್ತು ದಿನಗಳಲ್ಲಿ ಒಂದು ಭಾನುವಾರ ಮಧ್ಯಾಹ್ನ ಟೀಚರಮ್ಮ ಹೋಗಿಬಿಟ್ಟರು. ಸೋಮವಾರ ನಾವು ಹೋದಾಗ ಪಕ್ಕದ ಹಾಸಿಗೆಯ ಹೊದಿಕೆ ಮಡಿಸಿಟ್ಟಿತ್ತು. ಹೃದಯ ನಿಂತಿತು ಎಂದು ಕಾಗದದಲ್ಲಿ ಬರೆದರಂತೆ. ಹೃದಯ ಎಲ್ಲರದ್ದೂ ಕೊನೆಗೆ ನಿಂತೇ ನಿಲ್ಲುತ್ತದೆ. ವಾರಕ್ಕೆ ಮೂರನೇ ಡಯಾಲಿಸಿಸ್ ದಿನ ಇದ್ದಿದ್ದರೆ ಅವರು ಬದುಕುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಆದರೆ ಗುರುವಾರದಿಂದ ಸೋಮವಾರದವರೆಗಿನ ಆ ನಾಲ್ಕು ದಿನ ನನಗೆ ಗೊತ್ತು. ಅವುಗಳ ಅಳತೆ ನನ್ನ ಪುಸ್ತಕದಲ್ಲಿದೆ.

ಆಸ್ಪತ್ರೆಯ ಸಮಿತಿ ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಮಹಡಿಯ ಕೋಣೆಯಲ್ಲಿ ಸೇರುತ್ತದೆ. ನಾಲ್ಕೂ ಡಬ್ಬಿ ಕೈಸೇರಿದ ಮೇಲೆ ಬಂದ ಸಭೆಯ ಭಾನುವಾರ ನಮ್ಮವರ ಕಣಕಾಲು ಹನ್ನೊಂದೂವರೆ.

"ಏಳಿ, ಹೋಗೋಣ," ಎಂದೆ.

"ನಾನ್ಯಾಕೆ? ನೀನೇ ಹೋಗಿ ಮಾತಾಡು."

"ಮಾತು ನಾನಾಡ್ತೀನಿ. ಕಾಲು ನಿಮ್ಮದು ಬೇಕು."

"ಒಂದು ಕೇಳ್ತೀನಿ ಕಣೇ. ಇವರೆಲ್ಲ ಸೇರಿ ಅಗ್ಗಕ್ಕೆ ತಂದು, ಯಾವುದೋ ಕಳಪೆ ಫಿಲ್ಟರಲ್ಲಿ ನನ್ನ ರಕ್ತ ತೊಳೆದ್ರೆ?"

ನಾನೂ ಇದನ್ನೇ ಬೀಗದಕ್ಕನಿಗೆ ಕೇಳಿದ್ದೆ. ಅವರು ಹೇಳಿದ್ದನ್ನೇ ಹೇಳಿದೆ. "ಯಾರೂ ಕಡಿಮೆ ಬೆಲೆ ಅಂತ ಕಣ್ಮುಚ್ಚಿ ಕೊಳ್ಳಲ್ಲ ರೀ. ಮೊದಲು ಮಾದರಿ ತರಿಸ್ತಾರೆ. ನಾಲ್ಕೂ ಆಸ್ಪತ್ರೆಯ ಡಾಕ್ಟರು, ನರ್ಸು ಬಳಸಿ ನೋಡಿ ಆಗತ್ತೆ ಅಂದ ಮೇಲೇನೇ ಬೆಲೆ ಮಾತು. ನಾವು ನೂಲು ಕೊಳ್ಳುವಾಗ ಎಳೆದು ನೋಡಲ್ವಾ? ಈಗ ನಮ್ಮಲ್ಲಿ ಎಳೆದು ನೋಡೋರೇ ಇಲ್ಲ."

ಮಹಡಿಗೆ ಹದಿನೆಂಟು ಮೆಟ್ಟಿಲು. ನಮ್ಮವರು ಮೂರು ಕಡೆ ಕೂತರು. ಕೋಣೆಯಲ್ಲಿ ಏಳು ಜನ ಉದ್ದನೆಯ ಮೇಜಿನ ಸುತ್ತ ಇದ್ದರು. ಬೀಗದಕ್ಕ ಗೋಡೆಯ ಪಕ್ಕ ನಿಂತಿದ್ದರು. ಅಧ್ಯಕ್ಷರು ಕನ್ನಡಕದ ಮೇಲಿಂದ ನೋಡಿದರು.

"ಯಾರಮ್ಮ ನಿಮ್ಮನ್ನ ಕರೆದಿದ್ದು?"

"ಚೀಟಿ ಕರೀತು. ಸಹಕರಿಸಿ ಅಂತ ಬರೆದಿದ್ರಲ್ಲ, ಸಹಕರಿಸೋಣ ಅಂತ ಬಂದೆ."

ನಾಲ್ಕೂ ಡಬ್ಬಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಗುಂಡಿ ಖಾಲಿ ಮಾಡಿ ತಂದಿದ್ದರೂ ಒಂದರಿಂದ ಎರಡು ಗುಂಡಿ ಉರುಳಿ ಕೆಳಗೆ ಬಿದ್ದವು. ಯಾರೂ ಎತ್ತಿಕೊಡಲಿಲ್ಲ. ಎಲ್ಲರೂ ಚೀಟಿ ಓದುತ್ತಿದ್ದರು.

"ಇದು ಗೋಪ್ಯ ವಿಷಯ," ಎಂದರು ಅಧ್ಯಕ್ಷರು. ದನಿ ಗಡುಸಾಗಿತ್ತು. "ಇದನ್ನೆಲ್ಲ ಬೀದಿಗೆ ತಂದ್ರೆ ನಮಗೆ ಸಿಗ್ತಾ ಇರೋ ದರನೂ ತಪ್ಪಿಹೋಗತ್ತೆ. ನಾನು ಹನ್ನೊಂದು ವರ್ಷದಿಂದ ಆ ಮನುಷ್ಯನ ಜೊತೆ ಗುದ್ದಾಡಿ ನಮ್ಮ ಆಸ್ಪತ್ರೆಗೆ ಅಂತ ಕಡಿಮೆ ಮಾಡಿಸಿಕೊಂಡಿರೋದು."

"ಕಡಿಮೆ ಯಾವುದು ಸ್ವಾಮಿ? ಇದು ಎಂಟುನೂರ ಅರವತ್ತು. ನಮ್ಮದು ಒಂಬೈನೂರ ಎಪ್ಪತ್ತು. ಬ್ಯಾಚು ಓದಿ."

ಅವರು ಓದಿದರು. ಬೆರಳಿಟ್ಟು ಅಂಕಿ ಅಂಕಿಯಾಗಿ ಓದಿದರು. ಮುಖ ಸಣ್ಣದಾಯಿತು, ಆದರೆ ಮಾತು ಬಿಡಲಿಲ್ಲ. "ಇರಬಹುದು. ಅದಕ್ಕೆ ಏನು, ಬೇರೆ ಊರಿನವರ ಜೊತೆ ಸೇರ್ಕೋಬೇಕಾ? ನಮ್ಮ ಆಸ್ಪತ್ರೆ ನಮ್ಮ ಕೈಲಿರಬೇಕು. ನಾಳೆ ಅವರು ಹೇಳಿದ್ದನ್ನೇ ನಾವು ಕೊಳ್ಳೋ ಹಾಗಾಗತ್ತೆ."

"ನಿಮ್ಮ ಅಂಗಡಿಗೆ ಬಣ್ಣ ಹೇಗೆ ತರಿಸ್ತೀರಿ?"

"ಅದ್ಯಾಕೆ ಈಗ?"

"ಬೀದಿಗೆಲ್ಲ ಕಾಣತ್ತಲ್ಲ ಸ್ವಾಮಿ. ಸುತ್ತಿನ ಐದು ಬಣ್ಣದಂಗಡಿಯವರು ಸೇರಿ ಒಂದು ಲಾರಿ ತುಂಬಾ ತರಿಸ್ತೀರಿ. ನಿಮ್ಮ ಅಂಗಡಿ ಮುಂದೆನೇ ಇಳಿಸಿ ಹಂಚ್ಕೋತೀರಿ. ಅವರು ನಿಮ್ಮ ಅಂಗಡಿಯನ್ನ ಕಿತ್ಕೊಂಡ್ರಾ? ಗೋಡೆಗೆ ಬಳಿಯೋ ಬಣ್ಣನ ಐದು ಜನ ಕೂಡಿ ತರೋಕೆ ಗೊತ್ತಿದೆ. ಮನುಷ್ಯರ ರಕ್ತ ತೊಳೆಯೋ ಫಿಲ್ಟರನ್ನ ಒಬ್ಬೊಬ್ಬರೇ ಕದ್ದು ಮುಚ್ಚಿ ಕೊಳ್ತೀರಲ್ಲ, ಇದ್ಯಾವ ನ್ಯಾಯ?"

ನಮ್ಮವರು ಮೆಲ್ಲಗೆ ನನ್ನ ಸೆರಗು ಎಳೆದು, "ಸಾಕು," ಎಂದರು. ನನಗೆ ಸಾಕಾಗಿರಲಿಲ್ಲ. ಅವರನ್ನು ಅಧ್ಯಕ್ಷರ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಇನ್ನೊಂದು ಕುರ್ಚಿ ಎಳೆದು ಅದರ ಮೇಲೆ ಅವರ ಕಾಲಿಟ್ಟೆ. ಅಳತೆ ಪುಸ್ತಕ ತೆರೆದು ಅಧ್ಯಕ್ಷರ ಮುಂದಿಟ್ಟೆ.

"ಕೈ ಕೊಡಿ. ಹೆಬ್ಬೆರಳು ಇಲ್ಲಿಡಿ, ಒತ್ತಿ."

ಅವರು ಹಿಂಜರಿದರು. ಆಮೇಲೆ ಕಣಕಾಲಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದರು. ತೆಗೆದರು. ಗುಳಿ ಹಾಗೇ ಉಳಿಯಿತು. ನಾದಿದ ಹಿಟ್ಟಿನಲ್ಲಿ ಬೆರಳು ಒತ್ತಿದ ಹಾಗೆ ಅವರ ಹೆಬ್ಬೆರಳಿನ ಗುರುತು ಅಲ್ಲೇ ಕೂತಿತ್ತು. ಅದು ತುಂಬಿಕೊಳ್ಳಲಿ ಎಂದು ಅವರು ಕಾಯುತ್ತಿದ್ದದ್ದು ನನಗೆ ಕಾಣುತ್ತಿತ್ತು. ಅದು ತುಂಬಲಿಲ್ಲ.

"ನೋವಾಗತ್ತಾ ಕತ್ತರಿಯಣ್ಣ?" ಎಂದು ಕೇಳಿದರು.

"ನೋವಿಲ್ಲ ಸ್ವಾಮಿ," ಎಂದರು ನಮ್ಮವರು. "ಬಾಯಾರಿಕೆ."

ನಾನು ಪುಸ್ತಕದ ಮುಂದಿನ ಪುಟ ತಿರುಗಿಸಿದೆ. ಮೇಲೆ ಟೀಚರಮ್ಮನ ಹೆಸರು, ಕೆಳಗೆ ಏನೂ ಇಲ್ಲ. "ಊತ ಇಳಿದ ಮೇಲೆ ಅಳತೆ ಕೊಡ್ತೀನಿ ಅಂದಿದ್ರು," ಎಂದೆ.

ಅಧ್ಯಕ್ಷರು ಟೀಚರಮ್ಮನ ಶಿಷ್ಯರು. ಆ ಪುಟವನ್ನು ಅವರು ಎಷ್ಟು ಹೊತ್ತು ನೋಡಿದರೋ. ಆಮೇಲೆ ಜೇಬಿನಿಂದ ಫೋನು ತೆಗೆದು, ಎಲ್ಲರೆದುರಿಗೇ ಪಕ್ಕದ ದೊಡ್ಡ ಊರಿನ ಆಸ್ಪತ್ರೆಯ ಅಧ್ಯಕ್ಷರಿಗೆ ಮಾಡಿದರು. ಹನ್ನೊಂದು ವರ್ಷದಲ್ಲಿ ಅವರಿಬ್ಬರೂ ಮದುವೆ ಮನೆಯಲ್ಲಿ ಕೈ ಕುಲುಕಿದ್ದುಂಟು, ಈ ಮಾತು ಆಡಿರಲಿಲ್ಲ.

"ಒಂದು ವಿಷಯ ಕೇಳಬೇಕಿತ್ತು," ಎಂದರು. "ಬೇಡ, ಮೊದಲು ನಾನೇ ಹೇಳ್ತೀನಿ. ನಮ್ಮ ಫಿಲ್ಟರಿಗೆ ಒಂಬೈನೂರ ಎಪ್ಪತ್ತು ಕೊಡ್ತಾ ಇದೀನಿ. ನೀವೆಷ್ಟು?"

ಆ ಕಡೆಯ ಉತ್ತರ ಎಲ್ಲರಿಗೂ ಕೇಳಿಸಿತು: ಎಂಟುನೂರ ಅರವತ್ತು.

ಅಲ್ಲಿಂದ ಎಲ್ಲ ಸಲೀಸಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ನಾಲ್ಕು ಊರಿನವರು ಒಂದು ಪಟ್ಟಿಗೆ ಬರಲು ಮೂರು ತಿಂಗಳು ಹಿಡಿಯಿತು. ಕೈಗವಸಿನ ಜಗಳವೇ ಒಂದು ತಿಂಗಳು. ಏಳು ಬಗೆ ಎರಡಕ್ಕೆ ಇಳಿದಾಗ ಒಬ್ಬ ಡಾಕ್ಟರು ವಾರವಿಡೀ ಮುಖ ಗಂಟು ಹಾಕಿಕೊಂಡಿದ್ದರು. ಒಂದು ಕಂಪನಿ ಎಲ್ಲರಿಗಿಂತ ಕಡಿಮೆ ಹೇಳಿತು, ಮಾದರಿಯ ಕೊಳವೆ ಸೋರಿತು, ನಾಲ್ಕೂ ಕಡೆಯ ನರ್ಸುಗಳು ಬೇಡವೆಂದು ಕಡ್ಡಿ ಮುರಿದ ಹಾಗೆ ಹೇಳಿ ವಾಪಸು ಕಳಿಸಿದರು. ಅವತ್ತು ನಮ್ಮವರಿಗೆ ನಂಬಿಕೆ ಬಂತು. "ನನ್ನ ರಕ್ತಕ್ಕೂ ನೂಲು ಎಳೆದು ನೋಡೋರು ಇದಾರೆ ಬಿಡು," ಎಂದರು. ಒಬ್ಬರಿಂದ ಸಾಮಾನು ತಪ್ಪಿದರೆ ಇರಲೆಂದು ಇಬ್ಬರ ಹತ್ತಿರ ಒಪ್ಪಂದವಾಯಿತು. ಗೋಪ್ಯ ಎನ್ನುವ ಕಾಗದಕ್ಕೆ ಯಾರೂ ಸಹಿ ಹಾಕಬಾರದು ಎಂದು ನಾಲ್ಕೂ ಸಮಿತಿಗಳು ಬರೆದುಕೊಂಡವು.

ಕೊನೆಗೆ ಗೆದ್ದವರಲ್ಲಿ ಒಬ್ಬರು ಯಾರು ಗೊತ್ತೇ? ಅದೇ ಬ್ಯಾಗಿನವರು. ಅದೇ ಕಂಪನಿಯ ಅದೇ ಡಬ್ಬಿ, ನಾಲ್ಕೂ ಊರಿಗೆ ಒಂದೇ ಬೆಲೆ, ಆರುನೂರ ನಲವತ್ತು. ಅಷ್ಟಕ್ಕೆ ಕೊಟ್ಟರೂ ಅವರಿಗೆ ನಷ್ಟವಿಲ್ಲ. ಮೊದಲೂ ಕೊಡಬಹುದಿತ್ತು. ಯಾರೂ ಕೂಡಿ ಕೇಳಿರಲಿಲ್ಲ, ಅದಕ್ಕೆ ಕೊಟ್ಟಿರಲಿಲ್ಲ. ಹಳೆಯ ಬೆಲೆಯಲ್ಲಿ ಎರಡು ಡಬ್ಬಿಗೆ ಕೊಡುತ್ತಿದ್ದ ದುಡ್ಡಿಗೆ ಈಗ ಮೂರು ಬರುತ್ತವೆ. ನಮ್ಮ ಮೂರನೇ ದಿನ ಎಲ್ಲೂ ಕಳೆದುಹೋಗಿರಲಿಲ್ಲ. ಆ ಮುದ್ರೆಯ ಕೆಳಗೆ ಬಚ್ಚಿಟ್ಟುಕೊಂಡಿತ್ತು.

ಬಾಗಿಲಿನ ಚೀಟಿಯನ್ನು ಅಧ್ಯಕ್ಷರೇ ಕಿತ್ತರು. ಈಗ ಆ ಜಾಗದಲ್ಲಿ ಪ್ರತಿ ತಿಂಗಳೂ ಒಂದು ಹಾಳೆ ಇರುತ್ತದೆ. ಯಾವ ಸಾಮಾನು, ಎಷ್ಟು ಬೆಲೆ, ನಾಲ್ಕು ಊರಲ್ಲೂ ಎಷ್ಟು ಕೊಂಡರು ಎಂದು ಬೀಗದಕ್ಕನ ಕೈಬರಹದಲ್ಲಿ ಇರುತ್ತದೆ. ಯಾರು ಬೇಕಾದರೂ ನಿಂತು ಓದಬಹುದು. ನಮ್ಮವರು ಸೋಮ, ಬುಧ, ಶುಕ್ರ ಹೋಗುತ್ತಾರೆ. ಹೆಬ್ಬೆರಳು ಕತ್ತರಿಯೊಳಗೆ ಹೋಗುತ್ತದೆ. ಮೂರನೇ ಲೋಟ ನೀರನ್ನು ಕುರ್ಚಿಯಲ್ಲಿ ಕೂತು, ಆತುರವಿಲ್ಲದೆ ಕುಡಿಯುತ್ತಾರೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಈಗ ನಿಮ್ಮ ಸರದಿ. ನಿಮ್ಮ ಆಸ್ಪತ್ರೆಯಲ್ಲಿ ಬೆಲೆ ಎಷ್ಟು ಇಳಿಯುತ್ತದೋ ನಾನು ಹೇಳಲಾರೆ. ಎಲ್ಲ ಸಾಮಾನೂ ಅಗ್ಗವಾಗದೆಯೂ ಇರಬಹುದು. ಆದರೆ ಸಾಮಾನಿಲ್ಲ ಎಂದು ಚೀಟಿ ಅಂಟಿಸಿದ ದಿನ ತಲೆಯಾಡಿಸಿ ಮನೆಗೆ ಬರಬೇಡಿ. ಇದನ್ನು ಎಷ್ಟಕ್ಕೆ ಕೊಳ್ಳುತ್ತೀರಿ ಎಂದು ಕೇಳಿ. ಪಕ್ಕದ ಊರಿನವರು ಎಷ್ಟಕ್ಕೆ ಕೊಳ್ಳುತ್ತಾರೆ, ವಿಚಾರಿಸಿದ್ದೀರಾ ಎಂದು ಕೇಳಿ. ಕೂಡಿ ಕೊಳ್ಳಲು ಏನು ಅಡ್ಡಿ ಎಂದು ಕೇಳಿ. ನಿಮ್ಮ ಸಂಘದಲ್ಲಿ ಹತ್ತು ಜನರಿದ್ದರೆ ಹತ್ತು ಜನವೂ ಹೋಗಿ ಕೇಳಿ. ನೀವು ಸಮಿತಿಯಲ್ಲಿ ಇರುವವರಾದರೆ ಫೋನು ಎತ್ತಿ, ನಿಮ್ಮ ದರ ಮೊದಲು ಹೇಳಿ.

ಕಾಯಬೇಡಿ. ನಾನು ನಾಲ್ಕು ಡಬ್ಬಿ ಕೂಡಿಸುವಷ್ಟು ಹೊತ್ತು ಕಾದೆ. ಟೀಚರಮ್ಮನ ಹಸಿರು ಬಟ್ಟೆ ಈಗಲೂ ನನ್ನ ಕಪಾಟಿನಲ್ಲಿ ಮಡಿಸಿದ ಹಾಗೇ ಇದೆ. ಗುಂಡಿ ಕೂಡ ಆರಿಸಿಟ್ಟಿದ್ದೇನೆ, ಒಂಬತ್ತು. ಅಳತೆ ಮಾತ್ರ ಇಲ್ಲ.